ಸೀಟಿನ ಸದ್ದು

ಶೆಡ್ಡಿನ ಮೇಜಿನಿಂದ,
ಹದಿನಾಲ್ಕನೇ ತಾರೀಕು, ಗುರುವಾರ, ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಬಲಗೈ ಮಣಿಕಟ್ಟಿನ ನೋವು ಕಡಿಮೆಯಾಯಿತೇ? ದಿನವಿಡೀ ಕನ್ನಡಕದ ಗಾಜು ಉಜ್ಜುವವರಿಗೆ ಅದು ತಪ್ಪಿದ್ದಲ್ಲ. ನನಗೂ ಪೆಟ್ಟುಬಿದ್ದ ಕಾರುಗಳ ತಗಡು ತಟ್ಟುತ್ತಾ ಸುತ್ತಿಗೆ ಹಿಡಿದು ಹಿಡಿದು ಅದೇ ಜಾಗದಲ್ಲಿ ಬಂದಿತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಹತ್ತು ನಿಮಿಷ ಬಿಸಿನೀರಿನಲ್ಲಿ ಕೈ ಅದ್ದಿಡಬೇಕಂತೆ, ನಿನ್ನ ಅಮ್ಮ ಹೇಳಿದ್ದಾಳೆ. ಹೇಳಿದ್ದಾಳೆ ಎಂದರೆ ಬರೆದು ತೋರಿಸಿದ್ದಾಳೆ. ನನ್ನ ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರ ಮೂರು ಸಲ ರಿಪೇರಿಗೆ ಹೋಗಿ ಬಂದು ಕೊನೆಗೆ ಡ್ರಾಯರು ಸೇರಿತು. ಈಗ ಮನೆಯಲ್ಲಿ ಒಂದು ಸ್ಲೇಟು ಇದೆ. ಅವಳು ಬರೆಯುತ್ತಾಳೆ, ನಾನು ಓದಿ ಉತ್ತರ ಹೇಳುತ್ತೇನೆ, ಅವಳು ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ. ಜಗಳವೂ ಹೀಗೆಯೇ ನಡೆಯುತ್ತದೆ. ಬಳಪ ಮುರಿದರೆ ಅವತ್ತಿಗೆ ಜಗಳ ಮುಗಿಯಿತು. "ಮದುವೆಯಾಗಿ ಮೂವತ್ತಾರು ವರ್ಷಕ್ಕೆ ನನ್ನ ಮುಖ ನೋಡಿ ಮಾತಾಡ್ತಿದ್ದೀರಿ" ಎಂದು ಮೊನ್ನೆ ಬರೆದಳು. ಮನೆಗೆ ಬಂದವರ ಹತ್ತಿರ ಮಾತ್ರ ಬೇರೆ ಹೇಳುತ್ತಾಳೆ: "ಮಗ ಹೋದ, ಅವನ ಹಿಂದೇನೇ ಇವರ ಕಿವಿನೂ ಹೋಯ್ತು." ಆ ಮಾತನ್ನು ಅವಳ ತುಟಿಯ ಮೇಲೆ ನೋಡಿ ನೋಡಿ ನನಗೆ ಬಾಯಿಪಾಠವಾಗಿದೆ. ಅವಳ ಮಂಡಿ ಪರವಾಗಿಲ್ಲ, ಕಂಬಿ ಹಿಡಿಯದೆ ಮೆಟ್ಟಿಲು ಹತ್ತುತ್ತಾಳೆ. ಕಾರಿನ ವಿಷಯ ಅವಳಿಗೆ ನಾನಿನ್ನೂ ಹೇಳಿಲ್ಲ.

ನಿನ್ನ ಪತ್ರ ಸೋಮವಾರ ಬಂತು. ಭಾನುವಾರ ಒಂದು ಹಳೆಯ ಸ್ಪೋರ್ಟ್ಸ್ ಕಾರು ನೋಡಲು ಹೋಗುತ್ತಿದ್ದೀಯ, ಎರಡು ಬಾಗಿಲಿನದು, ಅಣ್ಣನ ಕಾರಿನ ಮಾದರಿಯೇ, ಬಣ್ಣ ಮಾತ್ರ ನೀಲಿ. ಏನೇನು ನೋಡಬೇಕು ಬರೆಯಿರಿ ಎಂದಿದ್ದೀಯ. ಅಣ್ಣ ಹೋಗಿ ಮೂರು ವರ್ಷ. ಅಂದಿನಿಂದ ನೀನು ಸ್ಟಿಯರಿಂಗ್ ಮುಟ್ಟಿಲ್ಲ ಎಂಬುದು ನನಗೆ ಗೊತ್ತು. ಆದ್ದರಿಂದ ಮೊದಲ ಸಾಲು ಓದಿದಾಗ ಸಂತೋಷವೇ ಆಯಿತು. ಆಮೇಲೆ ಕೊನೆಯ ಸಾಲು ಬಂತು. "ಅದನ್ನು ನಿಧಾನವಾಗಿ ಓಡಿಸಬೇಕು ಅಂತ ಆಸೆ ಅಪ್ಪಾ. ಅವತ್ತು ನಾನು ಅವಸರ ಮಾಡದೆ ಇದ್ದಿದ್ದರೆ ಅಣ್ಣ ಹೇಗೆ ಓಡಿಸ್ತಿದ್ದನೋ, ಹಾಗೆ." ಆ ಪತ್ರವನ್ನು ಮಡಿಸಿ ತಗಡು ತಟ್ಟುವ ಕಬ್ಬಿಣದ ಗುಂಡಿನ ಕೆಳಗೆ ಇಟ್ಟೆ. ಗಾಳಿಗೆ ಹಾರಿಹೋಗದಿರಲಿ ಎಂದಲ್ಲ. ಶೆಡ್ಡಿನೊಳಗೆ ಗಾಳಿಯೇ ಇರಲಿಲ್ಲ. ಮೂರು ದಿನ ಅದು ಅಲ್ಲೇ ಇತ್ತು.

ಅವತ್ತಿನದನ್ನು ನೀನು ಒಂದೇ ಸಲ ಹೇಳಿದ್ದೀಯ, ಆಸ್ಪತ್ರೆಯ ಕಾರಿಡಾರಿನಲ್ಲಿ, ಅಮ್ಮನ ಮಡಿಲಿನಿಂದ ಮುಖ ಎತ್ತಿ. ರೈಲು ಇಳಿದು, ಕರೆದೊಯ್ಯಲು ಬರಬೇಕಿದ್ದ ಅಣ್ಣನಿಗಾಗಿ ಮುಕ್ಕಾಲು ಗಂಟೆ ಕಾದೆ. ಮನೆಗೆ ಫೋನು ಮಾಡಿದೆ, ಅವನೇ ಎತ್ತಿದ. "ಎಲ್ಲಿ ಸತ್ತೋಗಿದ್ದೀಯೋ, ಬೇಗ ಬಾರೋ" ಎಂದೆ. ನಗುತ್ತಾ ಹೊರಟವನು ಸೇತುವೆಯ ತಿರುವು ದಾಟಲಿಲ್ಲ. ನೀನು ಹೇಳಿ ಮುಗಿಸಿದ ಮೇಲೆ ಅಮ್ಮ ನಿನ್ನ ತಲೆ ಸವರುತ್ತಿದ್ದಳು. ನಾನು ಗೋಡೆ ನೋಡುತ್ತಿದ್ದೆ. ನಾಲ್ಕು ತಿಂಗಳಿಗೆ ನೀನು ಬೇರೆ ಊರಿನಲ್ಲಿ ಕೆಲಸ ಹುಡುಕಿಕೊಂಡೆ. ಇರಲಿ. ಮೊದಲು ನೀನು ಕೇಳಿದ್ದನ್ನು ಬರೆಯುತ್ತೇನೆ.

ಹಗಲಲ್ಲಿ ನೋಡು, ಒಣಗಿರುವಾಗ ನೋಡು. ಈಗಷ್ಟೇ ತೊಳೆದೆ ಎಂದು ಮಾರುವವನು ನೀರು ಸುರಿಯುವ ಗಾಡಿ ಕೊಟ್ಟರೆ, ಒಣಗುವವರೆಗೂ ಮರದ ನೆರಳಲ್ಲಿ ಕುಳಿತಿರು. ನೀರಿದ್ದರೆ ಎಲ್ಲ ಬಣ್ಣವೂ ಹೊಸದೇ. ಹೋದ ತಕ್ಷಣ ಬಾನೆಟ್ಟಿನ ಮೇಲೆ ಅಂಗೈ ಇಡು. ಬಿಸಿಯಾಗಿದ್ದರೆ ತಣ್ಣಗಿನ ಇಂಜಿನ್ನಿನ ತೊಂದರೆ ಮುಚ್ಚಲು ನೀನು ಬರುವ ಮುಂಚೆಯೇ ಅವನು ಸ್ಟಾರ್ಟ್ ಮಾಡಿಟ್ಟಿದ್ದಾನೆ ಎಂದರ್ಥ. ನಗುತ್ತಾ ಮಾತಾಡಿಸಿ ಬಂದುಬಿಡು, ಮರುದಿನ ಹೇಳದೆ ಹೋಗು. ತಣ್ಣಗಿದ್ದರೆ ಹತ್ತು ಹೆಜ್ಜೆ ಹಿಂದೆ ಸರಿದು ಒಂದು ಸುತ್ತು ಬಾ. ಆಮೇಲೆ ಹಿಂದಿನ ದೀಪದ ಹತ್ತಿರ ಮಂಡಿಯೂರಿ ಕುಳಿತು ಪಕ್ಕದ ಮೈಮೇಲೆ ಉದ್ದಕ್ಕೂ ಕಣ್ಣು ಹಾಯಿಸು. ಕಾಂಪೌಂಡಿನ ಅಂಚೋ ಕರೆಂಟಿನ ತಂತಿಯೋ ಏನಾದರೂ ಅದರಲ್ಲಿ ಕಾಣುತ್ತದೆ. ಆ ಗೆರೆ ಎಲ್ಲಿ ನಡುಗುತ್ತದೋ ಅಲ್ಲಿ ಯಾರೋ ನನ್ನಂಥವನು ಸುತ್ತಿಗೆ ಇಟ್ಟಿದ್ದಾನೆ.

ಕಣ್ಣಿಗಿಂತ ಕೈಯನ್ನು ನಂಬು. ತೆಳ್ಳನೆಯ ಕರವಸ್ತ್ರ ಹಾಸಿ ಅದರ ಮೇಲೆ ಬೆರಳು ಚಾಚಿ ಸವರು. ಬಟ್ಟೆ ಜಾರುತ್ತದೆ, ಉಬ್ಬುತಗ್ಗು ಬೆರಳಿಗೆ ಸಿಗುತ್ತದೆ. ನಿನಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ನಿಮ್ಮಿಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಬಾನೆಟ್ಟಿನ ಮುಂದೆ ನಿಲ್ಲಿಸುತ್ತಿದ್ದೆನಲ್ಲ, ಎಲ್ಲಿ ತಟ್ಟಿದ್ದೇನೆ ಹೇಳಿ ಎಂದು. ಅವನು ಬಾಯಿಗೆ ಬಂದ ಜಾಗ ಹೇಳುತ್ತಿದ್ದ, ನೀನು ಉಸಿರು ಹಿಡಿದು ಸವರಿ ಸರಿಯಾಗಿ ಬೆರಳಿಡುತ್ತಿದ್ದೆ. "ಅವಳು ಬಟ್ಟೆ ಸಂದಿಯಿಂದ ನೋಡ್ತಾಳಪ್ಪಾ" ಎಂದು ಅವನ ದೂರು. ನಮ್ಮ ಪೇಂಟರ್ ಆಗ ನಿಮಗೆ ಸ್ಪ್ಯಾನರಿನ ಅಳತೆಯ ಹೆಸರಿಟ್ಟಿದ್ದ: ನೀನು ಹತ್ತು-ಹನ್ನೊಂದು, ಅವನು ಹನ್ನೆರಡು-ಹದಿಮೂರು. ಅವನು ಈಗಲೂ ನಿನ್ನನ್ನು ಹಾಗೆಯೇ ಕೇಳುತ್ತಾನೆ, ಎರಡೂ ಕೈ ಬೆರಳು ಅಗಲಿಸಿ ಹತ್ತು, ಆಮೇಲೆ ಒಂದು ಬೆರಳು. ಹನ್ನೆರಡರ ಲೆಕ್ಕಕ್ಕೆ ಹೋಗುವುದಿಲ್ಲ. ಶೆಡ್ಡನ್ನು ಈಗ ಅವನೇ ನಡೆಸುತ್ತಾನೆ. ನನ್ನನ್ನು ಕರೆಯಬೇಕಾದರೆ ಮೇಜಿನ ಕಾಲಿಗೆ ಒದೆಯುತ್ತಾನೆ.

ಎರಡು ಬಾಗಿಲಿನ ಗಾಡಿಯಲ್ಲಿ ಬಾಗಿಲೇ ದೊಡ್ಡ ತಲೆನೋವು. ನಾಲ್ಕು ಬಾಗಿಲಿನ ಕೆಲಸವನ್ನು ಎರಡು ಮಾಡಬೇಕು, ಹಾಗಾಗಿ ಉದ್ದ ಜಾಸ್ತಿ, ಭಾರ ಜಾಸ್ತಿ, ಹತ್ತು ವರ್ಷಕ್ಕೆ ಜೋತುಬೀಳುತ್ತವೆ. ಅರ್ಧ ತೆರೆದು, ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ನೋಡು. ಕದಲಿದರೆ ಕೀಲು ಸವೆದಿದೆ. ಮುಚ್ಚಿದ ಮೇಲೆ ಸುತ್ತಲಿನ ಸಂದು ಮೇಲೂ ಕೆಳಗೂ ಒಂದೇ ಸಮ ಇರಬೇಕು. ನಿನ್ನ ಕಿರುಬೆರಳ ಉಗುರು ಒಂದು ಕಡೆ ಹೋಗಿ ಇನ್ನೊಂದು ಕಡೆ ಹೋಗದಿದ್ದರೆ ಯಾಕೆ ಎಂದು ಕೇಳು. ಬಾನೆಟ್ಟಿನ ಕೀಲಿನ ಬೋಲ್ಟುಗಳ ಮೂಲೆಯಲ್ಲಿ ಬಣ್ಣ ಎದ್ದಿದ್ದರೆ ಯಾರೋ ಬಿಚ್ಚಿದ್ದಾರೆ. ಒಂದು ಸಣ್ಣ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗು. ಎಲ್ಲಿ ಅದು ಹಿಡಿಯದೆ ಜಾರುತ್ತದೋ ಅಲ್ಲಿ ತಗಡಿನ ಮೇಲೆ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ. ಡಿಕ್ಕಿಯ ಕಾರ್ಪೆಟ್ ಎತ್ತಿಸು, ಸ್ಟೆಪ್ನಿ ಹೊರಗೆ ತೆಗೆಸು. ಅದರ ಗುಂಡಿಯ ತಳದಲ್ಲಿ ಸುಕ್ಕು ಇದ್ದರೆ, ಇಲ್ಲವೇ ಅಲ್ಲಿಗೆ ಮಾತ್ರ ಹೊಸ ಕಪ್ಪು ಬಣ್ಣ ಹೊಡೆದಿದ್ದರೆ, ಹಿಂದಿನಿಂದ ಪೆಟ್ಟು ಬಿದ್ದಿದೆ. ಸೀಟಿನ ಬೆಲ್ಟನ್ನು ಪೂರ್ತಿ ಕೊನೆಯವರೆಗೂ ಎಳೆ. ನೀರಲ್ಲಿ ಮುಳುಗಿದ ಗಾಡಿಯನ್ನು ಎಷ್ಟೇ ಉಜ್ಜಿದರೂ ಬೆಲ್ಟಿನ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ.

ಇಂಥ ಗಾಡಿಗಳನ್ನು ಕೊಂಡವರು ಸುಮ್ಮನೆ ಓಡಿಸಿರುವುದಿಲ್ಲ, ಆಟ ಆಡಿರುತ್ತಾರೆ. ಹಿಂದಿನ ಟೈರುಗಳು ಮಾತ್ರ ಹೊಸವಾಗಿದ್ದು ಮುಂದಿನವು ಹಳೆಯವಾಗಿದ್ದರೆ, ಚಕ್ರ ಜಾರಿಸುವ ಆಟದಲ್ಲಿ ಮೊದಲಿನವು ಸವೆದುಹೋಗಿವೆ ಎಂದು ತಿಳಿ. ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಮುಂದಿನ ಟೈರಿನ ಒಳ ಅಂಚು ಸವರು. ಹೊರಗೆ ಚೆನ್ನಾಗಿದ್ದು ಒಳಗೆ ಸವೆದಿದ್ದರೆ ಚಕ್ರ ನೆಟ್ಟಗಿಲ್ಲ. ಮುಂಭಾಗದ ಕೆಳ ಅಂಚಿನಲ್ಲಿ ಉಜ್ಜಿದ ಗೀರುಗಳಿದ್ದರೆ ಹೆದರಬೇಡ. ಅಷ್ಟು ತಗ್ಗಿರುವ ಗಾಡಿಗೆ ರಸ್ತೆಯ ಉಬ್ಬು ತಾಗದೇ ಇರುತ್ತದೆಯೇ, ಅವು ಪ್ರಾಮಾಣಿಕ ಗೀರುಗಳು. ಒಂದೂ ಗೀರಿಲ್ಲದಿದ್ದರೆ ಆ ಭಾಗವನ್ನೇ ಬದಲಾಯಿಸಿದ್ದಾರೆ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ತೋರಿಸಿ ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ, ರಬ್ಬರಿನ ಮಾತು ಕೇಳು. ಯಾಕೆ ಮಾರುತ್ತಿದ್ದೀರಿ ಎಂದು ಕೇಳಿ ಸುಮ್ಮನೆ ನಿಲ್ಲು, ನೀನು ಬಾಯಿ ಬಿಡಬೇಡ. ಸುಮ್ಮನಿದ್ದವರ ಎದುರು ಜನ ಬೇಕಾದ್ದಕ್ಕಿಂತ ಜಾಸ್ತಿ ಹೇಳುತ್ತಾರೆ. ಮತ್ತೆ, ಎಲ್ಲಕ್ಕಿಂತ ಮುಖ್ಯ, ಒಳಗೆ ಮೊದಲೇ ಕೂರಬೇಡ. ಆ ಸೀಟು ನೆಲಕ್ಕೆ ಹತ್ತಿರ, ಕಾಲು ನೀಳವಾಗಿ ಚಾಚುತ್ತದೆ, ಎದುರಿಗೆ ಉದ್ದನೆಯ ಬಾನೆಟ್ಟು. ಕುಳಿತವರು ಅಲ್ಲಿಂದಾಚೆಗೆ ಏನನ್ನೂ ನೋಡುವುದಿಲ್ಲ. ಇಂಜಿನ್ನಿನ ಸದ್ದಿನ ಬಗ್ಗೆ ನಾನು ಬರೆಯುವುದಿಲ್ಲ. ಅದಕ್ಕೆ ಕಿವಿ ಇರುವ ಒಬ್ಬ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗು.

ನಿನ್ನ ಅಣ್ಣ ಎಲ್ಲಕ್ಕಿಂತ ಮೊದಲು ಕುಳಿತುಬಿಟ್ಟಿದ್ದ. ನಾನು ಮಂಡಿಯೂರಿ ಗೆರೆ ನೋಡುತ್ತಿದ್ದರೆ ಅವನು ಒಳಗಿನಿಂದ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ. ಮಾರುತ್ತಿದ್ದವರು ಒಬ್ಬ ಹಲ್ಲಿನ ಡಾಕ್ಟರು, ಗೇಟಿನ ಹತ್ತಿರ ಕೈಕಟ್ಟಿ ನಿಂತಿದ್ದರು. ಎಡಗಡೆಯ ಮುಂದಿನ ಚಕ್ರದ ಮೇಲಿನ ತಗಡು, ಫೆಂಡರ್, ಮುಟ್ಟಿ ನೋಡಿ ನಾನು ಹೇಳಿದೆ, ಇದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ, ಹೊಡೆದವನು ಎಡಗೈಯವನು. ಡಾಕ್ಟರು ದಂಗಾದರು. "ಹೌದು ಸ್ವಾಮಿ, ಆ ಮನುಷ್ಯ ಎಡಚನೇ" ಎಂದರು. ನಿನ್ನ ಅಣ್ಣ ಅದನ್ನು ವಾರವಿಡೀ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. "ನಮ್ಮಪ್ಪನ ಕೈಗೆ ಕಣ್ಣಿದೆ, ಗೊತ್ತಾ?" ಪೇಂಟರ್ ಮಾತ್ರ ನಂಬಲಿಲ್ಲ, "ಡಾಕ್ಟರಿಗೆ ಮೊದಲೇ ದುಡ್ಡು ಕೊಟ್ಟು ಹೇಳಿಸಿದ್ದೀರಿ" ಎಂದು ರೇಗಿಸಿದ. ಅವತ್ತು ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅವನ ಪಕ್ಕದಲ್ಲಿ ರಾಜನ ಹಾಗೆ ಕುಳಿತಿದ್ದೆ. ಕೈಯಿಂದ ನೋಡಬಹುದಾದ್ದನ್ನೆಲ್ಲ ಸರಿಯಾಗಿಯೇ ನೋಡಿದ್ದೆ, ಮಗಳೇ. ಅದರಲ್ಲಿ ಒಂದೂ ತಪ್ಪಿರಲಿಲ್ಲ.

ಕೊರಿಯರ್ ಅಂಗಡಿಯವನು ಮಧ್ಯಾಹ್ನ ಒಂದಕ್ಕೆ ಮುಚ್ಚುತ್ತಾನೆ, ಇಲ್ಲಿಗೆ ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಗಾಜು ಉಜ್ಜುವಾಗ ಬಾಯಿಗೆ ಬಟ್ಟೆ ಕಟ್ಟಿಕೋ. ಪೇಂಟರ್ ನಿನ್ನನ್ನು ಕೇಳಿದ್ದಾನೆ, ಮೇಲೆ ಹೇಳಿದ ಹಾಗೆ ಬೆರಳಿನಲ್ಲಿ. ಅಮ್ಮನದೂ ನನ್ನದೂ ಆಶೀರ್ವಾದ ನಿನ್ನ ತಲೆಯ ಮೇಲೆ ಯಾವತ್ತೂ ಇದೆ. ಸ್ಲೇಟಿನಲ್ಲಿ ಬರೆದದ್ದಲ್ಲ, ಒರೆಸಿ ಹೋಗುವುದಿಲ್ಲ.

ನಿನ್ನ,
ಅಪ್ಪ

ಮರೆತಿದ್ದು: ಮರೆತಿದ್ದು ಎಂದು ಬರೆದದ್ದು ಸುಳ್ಳು. ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಡಿಸಿದ್ದೇನೆ, ಅದಕ್ಕೇ ಅಂಚು ಹರಿದಿದೆ.

ನನ್ನ ಕಿವಿ ಅಣ್ಣನ ಹಿಂದೆ ಹೋದದ್ದಲ್ಲ. ಅವನು ಹೋಗುವ ಎರಡು ವರ್ಷ ಮೊದಲೇ ಹೋಗಿತ್ತು. ನಲವತ್ತು ವರ್ಷ ತಗಡು ತಟ್ಟಿದವನ ಕಿವಿ ಉಳಿಯುವುದಿಲ್ಲ. ಯಾರಿಗೂ ಹೇಳಲಿಲ್ಲ. ಶೆಡ್ಡಿನ ಗದ್ದಲದಲ್ಲಿ ಯಾರಿಗೂ ಗೊತ್ತಾಗಲಿಲ್ಲ, ತುಟಿ ನೋಡಿ ಓದುವುದನ್ನು ಕಲಿತೆ. ಮುದುಕನಾದ ಎಂದು ಯಾರಾದರೂ ಅಂದುಬಿಟ್ಟರೆ ಎಂಬ ಭಯ ಅಷ್ಟೇ.

ಆ ಕಾರನ್ನು ಓಡಿಸಿ ನೋಡಲು ಹೋದಾಗ ನೀರಿನ ಟ್ಯಾಂಕಿನ ಸುತ್ತ ತಿರುಗುತ್ತಾ ಅಣ್ಣ ನಿಧಾನ ಮಾಡಿದ. ಕತ್ತು ವಾರೆ ಮಾಡಿ ಆಲಿಸಿದ. ನನ್ನ ಕಡೆ ತಿರುಗಿ, "ಕೇಳಿಸ್ತಾ ಅಪ್ಪಾ?" ಎಂದ. ತುಟಿ ನೋಡಿ ತಿಳಿಯಿತು. ಬೇರೇನೂ ಕೇಳಿಸಿರಲಿಲ್ಲ. ನಾನು, "ಕೇಳಿಸ್ತು, ಅದೇನಿಲ್ಲ ಬಿಡೋ, ಸೀಟಿನ ಸದ್ದು" ಎಂದೆ. "ಮುಂದಿನಿಂದ ಬಂದ ಹಾಗಿತ್ತು" ಎಂದು ಮತ್ತೊಂದು ಸುತ್ತು ಹೊಡೆದ. "ಈಗ?" "ಅದೇ, ಸೀಟು." "ಯಾವುದಕ್ಕೂ ಮೆಕ್ಯಾನಿಕ್‌ಗೆ ಒಂದ್ಸಲ ತೋರಿಸೋಣ್ವಾ?" "ಯಾಕೋ, ನಾನು ಸತ್ತಿದ್ದೀನಾ?" ಎಂದೆ. ಅವನು ನಕ್ಕ. "ಸರಿ ಬಿಡಿ ಯಜಮಾನ್ರೇ." ಅದಾಗಿ ಏಳು ವಾರಕ್ಕೆ ಸೇತುವೆ.

ಪೊಲೀಸರ ಅಂಗಳದಲ್ಲಿ ಗಾಡಿ ನೋಡಲು ನಾನೊಬ್ಬನೇ ಹೋಗಿದ್ದೆ, ನೆನಪಿದೆಯೇ? ಮುಂದಿನ ಎಡಚಕ್ರವನ್ನು ಹಿಡಿದಿಡುವ ಗುಂಡುಕೀಲು ಮುರಿದಿತ್ತು. ಮುರಿದ ಜಾಗದಲ್ಲಿ ಮುಕ್ಕಾಲು ಪಾಲು ಹಳೆಯ ತುಕ್ಕು, ಕಾಲು ಪಾಲು ಮಾತ್ರ ಹೊಳೆಯುತ್ತಿತ್ತು. ಎಂದರೆ ಕಾಲು ಪಾಲಷ್ಟೇ ಅವತ್ತು ಮುರಿದದ್ದು. ಉಳಿದದ್ದು ನಾವು ಕೊಳ್ಳುವಾಗಲೇ ಬಿರುಕು ಬಿಟ್ಟಿತ್ತು, ತಿರುವಿನಲ್ಲಿ ಸದ್ದು ಮಾಡುತ್ತಿತ್ತು. ಎರಡು ತಿಂಗಳ ಮೇಲೆ ತಪಾಸಣೆಯ ವರದಿಯೂ ಬಂತು. ಅದನ್ನು ಮನೆಯೊಳಗೆ ತರದೆ ಶೆಡ್ಡಿನ ಡ್ರಾಯರಿನಲ್ಲಿ ಇಟ್ಟೆ. ಈ ಪತ್ರದ ಜೊತೆ ಕಳಿಸಿದ್ದೇನೆ, ಎರಡನೇ ಪುಟ ನೋಡು. ಗಾಡಿಯ ವೇಗ ನಲವತ್ತರ ಆಸುಪಾಸು, ಅಪಘಾತಕ್ಕೆ ವೇಗ ಕಾರಣವಲ್ಲ ಎಂದು ಬರೆದಿದ್ದಾರೆ. ಅವನು ಅವಸರ ಮಾಡಿರಲಿಲ್ಲ. ನೀನು ಬೇಗ ಬಾ ಎಂದ ಮೇಲೂ ನಿಧಾನವಾಗಿಯೇ ಬರುತ್ತಿದ್ದ, ನಿನ್ನ ಮಾತನ್ನು ಯಾವತ್ತು ಕೇಳಿದ್ದಾನೆ ಅವನು. ನೀನು ಆಡಿದ ಮಾತನ್ನು ಎಲ್ಲ ಮನೆಗಳಲ್ಲೂ ಅಣ್ಣತಂಗಿಯರು ದಿನಕ್ಕೆ ಹತ್ತು ಸಲ ಆಡುತ್ತಾರೆ. ಅದರಿಂದ ಯಾವ ಕೀಲೂ ಮುರಿಯುವುದಿಲ್ಲ.

ಎಲ್ಲರೂ ಅವಸರ, ವೇಗ ಎಂದರು. ನೀನು "ತಪ್ಪು ನನ್ನದು" ಎಂದೆ. ನಾನು ಕಿವುಡನ ಹಾಗೆ ಇದ್ದುಬಿಟ್ಟೆ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಾ ಮೂರು ವರ್ಷ ಆಯಿತು. ಇವತ್ತು ಸಂಜೆ ಅಮ್ಮನಿಗೂ ಹೇಳುತ್ತೇನೆ. ಬಾಯಲ್ಲಿ ಆಗುವುದಿಲ್ಲ, ಸ್ಲೇಟು ಈ ಸಲ ನಾನೇ ತೆಗೆದುಕೊಳ್ಳುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕೆಂದು ಬರೆಯುತ್ತಿಲ್ಲ. ಆ ಫೋನನ್ನು ನೀನು ಇನ್ನಾದರೂ ಕೆಳಗಿಡಬೇಕೆಂದು ಬರೆಯುತ್ತಿದ್ದೇನೆ.

ಭಾನುವಾರ ಖಾಲಿ ಜಾಗದಲ್ಲಿ, ಕಿಟಕಿ ಇಳಿಸಿ, ರೇಡಿಯೋ ಆರಿಸಿ, ನಡಿಗೆಯ ವೇಗದಲ್ಲಿ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸು. ನಿನಗೆ ಏನಾದರೂ ಕೇಳಿಸಿ, ಜೊತೆಗಿದ್ದವರು ಏನಿಲ್ಲ ಬಿಡಿ ಎಂದರೆ, ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿ ಎಂದು ಕೇಳು. ಮಾಡಿ ತೋರಿಸದವರನ್ನು ನಂಬಬೇಡ, ಯಾರೇ ಆಗಿರಲಿ. ನಿನ್ನ ಅಣ್ಣ ನನ್ನನ್ನು ಅದೊಂದು ಕೇಳಲಿಲ್ಲ. ಅಪ್ಪ ಹೇಳಿದರಲ್ಲ, ಸಾಕು ಎಂದುಕೊಂಡ.